ಬಿಟ್ಟ ಜಾಗ

ಪ್ರಬಂಧ ಬರೆಯಲು ಕುಳಿತ ಬಾಲಕನಿಗೆ ಉಪಾಧ್ಯಾಯರು ಹೇಳಿಕೊಡುವ ಮೊದಲ ಪಾಠ ಅಕ್ಷರದ್ದಲ್ಲ, ಅಕ್ಷರವಿಲ್ಲದ ಜಾಗದ್ದು. ಹೊಸ ಪ್ಯಾರಾ ಆರಂಭವಾಗುವಾಗ ಅಂಚಿನಿಂದ ಎರಡು ಬೆರಳಿನಷ್ಟು ಸ್ಥಳವನ್ನು ಬಿಡಬೇಕು. ಬಾಲಕನು ಎಡಗೈಯ ಎರಡು ಬೆರಳುಗಳನ್ನು ಕಾಗದದ ಮೇಲೆ ಒತ್ತಿ ಹಿಡಿದು, ಅವುಗಳ ಪಕ್ಕದಿಂದ ಬರೆಯತೊಡಗುತ್ತಾನೆ. ಅವನ ಬೆರಳು ಸಣ್ಣದು, ಉಪಾಧ್ಯಾಯರ ಬೆರಳು ದಪ್ಪ. ಅವನು ಬಿಟ್ಟ ಜಾಗವು ಅವರು ಬಿಡುವ ಜಾಗಕ್ಕೆ ಸಮನಾಗುವುದಿಲ್ಲ. ಹಾಗೆಂದು ಯಾರೂ ಆಕ್ಷೇಪಿಸುವುದಿಲ್ಲ. ಹೊಸ ವಿಚಾರವೊಂದು ಇಲ್ಲಿಂದ ಆರಂಭವಾಗುತ್ತದೆ ಎಂಬುದು ಓದುವವನಿಗೆ ತಿಳಿದರೆ ಸಾಕು; ಬಿಟ್ಟ ಜಾಗದ ಕೆಲಸ ಮುಗಿಯಿತು.

ಎಷ್ಟು ಬೆರಳು, ಯಾರ ಬೆರಳು ಎಂಬ ಈ ಪುಟ್ಟ ಪ್ರಶ್ನೆಯೇ ಮುಂದೆ ಯಂತ್ರಗಳ ಲೋಕವನ್ನು ಹೊಕ್ಕಿತು. ಅಲ್ಲಿ ಅದು ಬಲ್ಲಿದರನ್ನೂ ಎರಡು ಪಂಗಡಗಳಾಗಿ ಒಡೆದು, ಇಂದಿಗೂ ಮುಗಿಯದ ಚರ್ಚೆಯೊಂದಕ್ಕೆ ಕಾರಣವಾಯಿತು. ಗಣಕಯಂತ್ರದ ಕೀಲಿಮಣೆಯ ಎಡ ಅಂಚಿನಲ್ಲಿ, ಯಾರ ಗಮನವನ್ನೂ ಸೆಳೆಯದೆ ಕುಳಿತಿರುವ ‘ಟ್ಯಾಬ್’ ಎಂಬ ಕೀಲಿಯ ಕಥೆ ಇದು.

ಈ ಕೀಲಿಯು ಗಣಕಯಂತ್ರಕ್ಕಿಂತ ಹಳೆಯದು. ಅದರ ತವರುಮನೆ ಬೆರಳಚ್ಚು ಯಂತ್ರ. ಕಚೇರಿಯ ಗುಮಾಸ್ತನೊಬ್ಬನು ಸಂಬಳದ ಪಟ್ಟಿಯನ್ನು ಟೈಪು ಮಾಡುವುದನ್ನು ನೆನೆದರೆ ಇದರ ಉಪಯೋಗ ತಿಳಿಯುತ್ತದೆ. ಹೆಸರು ಒಂದು ಸಾಲಿನಲ್ಲಿ, ಹುದ್ದೆ ಅದರ ಪಕ್ಕದಲ್ಲಿ, ಸಂಬಳ ಇನ್ನೂ ಆಚೆಗೆ, ಹೀಗೆ ಎಲ್ಲವೂ ನೇರವಾದ ಕಂಬಗಳಂತೆ ನಿಲ್ಲಬೇಕು. ಪ್ರತಿ ಸಲವೂ ಖಾಲಿಜಾಗದ ಪಟ್ಟಿಯನ್ನು ಎಣಿಸಿ ಎಣಿಸಿ ಒತ್ತುತ್ತಾ ಹೋದರೆ ಬೆರಳಿಗೂ ಬೇಸರ, ಲೆಕ್ಕಕ್ಕೂ ಅಪಾಯ. ಈ ತೊಂದರೆಯನ್ನು ಹೋಗಲಾಡಿಸಲು ಟ್ಯಾಬ್ಯುಲೇಟರ್ ಎಂಬ ಏರ್ಪಾಡು ಬಂದಿತು. ಪಟ್ಟಿಯನ್ನು ಸಿದ್ಧಪಡಿಸುವ ಸಾಧನ ಎಂಬುದೇ ಆ ಹೆಸರಿನ ಅರ್ಥ. ಟ್ಯಾಬ್ ಎಂಬುದು ಅದರ ಮೊಟಕು ರೂಪ. ಎಲ್ಲೆಲ್ಲಿ ನಿಲ್ಲಬೇಕೋ ಅಲ್ಲಲ್ಲಿ ಗುಮಾಸ್ತನು ಮೊದಲೇ ಸಣ್ಣ ತಡೆಗಳನ್ನು ಇಟ್ಟುಕೊಳ್ಳುತ್ತಿದ್ದನು. ಕೀಲಿಯನ್ನು ಒತ್ತಿದೊಡನೆ ಕಾಗದವನ್ನು ಹೊತ್ತ ಬಂಡಿಯು ಹಿಡಿತದಿಂದ ಬಿಡುಗಡೆ ಹೊಂದಿ, ಸ್ಪ್ರಿಂಗಿನ ಸೆಳೆತಕ್ಕೆ ಸರ್ರನೆ ಜಾರಿ, ಮುಂದಿನ ತಡೆಯನ್ನು ಮುಟ್ಟಿ ನಿಲ್ಲುತ್ತಿತ್ತು. ಕರ್ನಾಟಕದ ಊರುಗಳ ಬೆರಳಚ್ಚು ಶಾಲೆಗಳಲ್ಲಿ ಕಲಿತ ತರುಣ ತರುಣಿಯರಿಗೆ ಆ ಸದ್ದು ಚಿರಪರಿಚಿತವಾಗಿತ್ತು.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ತಡೆಗಳು ಇದ್ದುದು ಯಂತ್ರದಲ್ಲಿ, ಕಾಗದದಲ್ಲಲ್ಲ. ಟೈಪು ಮಾಡಿದ ಹಾಳೆಯು ಯಂತ್ರದಿಂದ ಹೊರಬಂದ ಮೇಲೆ ಅದರಲ್ಲಿ ಉಳಿಯುತ್ತಿದ್ದುದು ಕೇವಲ ಬಿಳಿಯ ಜಾಗ. ಅದನ್ನು ಸಾವಿರ ಮಂದಿ ನೋಡಿದರೂ ಎಲ್ಲರಿಗೂ ಒಂದೇ ಅಗಲದಲ್ಲಿ ಕಾಣುತ್ತಿತ್ತು. ಗುಮಾಸ್ತನು ತನ್ನ ಅನುಕೂಲಕ್ಕೆ ತಕ್ಕಂತೆ ತಡೆಗಳನ್ನು ಎಲ್ಲಿಟ್ಟರೂ ಓದುವವನಿಗೆ ಅದರ ಗೊಡವೆ ಇರಲಿಲ್ಲ.

ಗಣಕಯಂತ್ರ ಬಂದಾಗ ಈ ಸರಳತೆ ಮರೆಯಾಯಿತು. 1963ರಲ್ಲಿ ಅಮೆರಿಕದಲ್ಲಿ ‘ಆಸ್ಕಿ’ ಎಂಬ ಸಂಕೇತಪಟ್ಟಿ ಪ್ರಕಟವಾಯಿತು. ಪ್ರತಿಯೊಂದು ಅಕ್ಷರಕ್ಕೂ ಒಂದೊಂದು ಸಂಖ್ಯೆಯನ್ನು ಗೊತ್ತುಮಾಡುವುದು ಅದರ ಉದ್ದೇಶ. ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರಕ್ಕೆ 65 ಎಂಬ ಸಂಖ್ಯೆ ದೊರೆತರೆ, ಟ್ಯಾಬಿಗೆ 9 ಎಂಬ ಸಂಖ್ಯೆ ದೊರೆಯಿತು. ಅಂದಿನಿಂದ ಕಡತದಲ್ಲಿ ಟ್ಯಾಬ್ ಎಂದರೆ ಬಿಳಿಯ ಜಾಗವಲ್ಲ. ‘ಮುಂದಿನ ತಡೆಯವರೆಗೆ ಸರಿ’ ಎಂಬ ಒಂದು ಅಪ್ಪಣೆ. ತಡೆ ಎಲ್ಲಿದೆ ಎಂಬುದನ್ನು ಆ ಅಪ್ಪಣೆ ಹೇಳುವುದಿಲ್ಲ. ಅದನ್ನು ನಿರ್ಧರಿಸುವುದು ಕಡತವನ್ನು ತೆರೆದು ತೋರಿಸುವ ಯಂತ್ರ.

ಎಂಟೆಂಟು ಅಕ್ಷರಗಳಿಗೆ ಒಂದು ತಡೆ ಎಂಬುದು ಹಳೆಯ ರೂಢಿ. ಅದರಂತೆ, ಸಾಲಿನಲ್ಲಿ ಮೂರು ಅಕ್ಷರಗಳ ಅನಂತರ ಟ್ಯಾಬ್ ಬಂದರೆ ಐದು ಸ್ಥಾನಗಳಷ್ಟು ಜಾಗ ಬೀಳುತ್ತದೆ. ಏಳು ಅಕ್ಷರಗಳ ಅನಂತರ ಬಂದರೆ ಒಂದೇ ಸ್ಥಾನ. ಬೇರೊಬ್ಬನು ತನ್ನ ಯಂತ್ರದಲ್ಲಿ ನಾಲ್ಕು ನಾಲ್ಕಕ್ಕೆ ತಡೆ ಇಟ್ಟುಕೊಂಡಿದ್ದರೆ ಅದೇ ಕಡತ ಅವನಿಗೆ ಬೇರೆಯೇ ರೂಪದಲ್ಲಿ ಕಾಣುತ್ತದೆ. ಬರೆದವನ ಬೆರಳು ಒಂದು, ಓದುವವನ ಬೆರಳು ಇನ್ನೊಂದು!

ಇದರಿಂದ ಆಗುವ ನಷ್ಟವೇನು ಎಂದು ಕೇಳಬಹುದು. ಗಣಕಯಂತ್ರಕ್ಕೆ ಮಾಡಬೇಕಾದ ಕೆಲಸವನ್ನು ವಿವರಿಸಿ ಬರೆಯುವ ಬರವಣಿಗೆಗೆ ಕ್ರಮವಿಧಿ ಅಥವಾ ಪ್ರೋಗ್ರಾಮ್ ಎಂದು ಹೆಸರು. ಅದರಲ್ಲಿ ‘ಹೀಗಿದ್ದರೆ ಇಂತಿಂಥ ಕೆಲಸಗಳನ್ನು ಮಾಡು’ ಎಂಬ ವಾಕ್ಯಗಳು ಬರುತ್ತವೆ. ಆ ಷರತ್ತಿಗೆ ಒಳಪಟ್ಟ ಕೆಲಸಗಳನ್ನು ಕೆಳಗಿನ ಸಾಲುಗಳಲ್ಲಿ ಸ್ವಲ್ಪ ಒಳಕ್ಕೆ ಸರಿಸಿ ಬರೆಯುವುದು ಪದ್ಧತಿ. ಷರತ್ತಿನೊಳಗೆ ಇನ್ನೊಂದು ಷರತ್ತು ಬಂದರೆ ಇನ್ನಷ್ಟು ಒಳಕ್ಕೆ. ಯಾವುದು ಯಾವುದಕ್ಕೆ ಅಧೀನವೆಂಬುದು ಹೀಗೆ ಕಣ್ಣಿಗೆ ಕಾಣಿಸುತ್ತದೆ. ಬಿಟ್ಟ ಜಾಗವು ಇಲ್ಲಿ ಅಲಂಕಾರವಲ್ಲ. ಅರ್ಥದ ಒಂದು ಭಾಗ.

ಈ ಬರವಣಿಗೆಗೆಂದು ಬಳಸುವ ಸಾಧನವೇ ಪಠ್ಯ ಸಂಪಾದಕ ಅಥವಾ ಟೆಕ್ಸ್ಟ್ ಎಡಿಟರ್. ಬಿಲ್ ಜಾಯ್ ಎಂಬವರು 1976ರಲ್ಲಿ ಆರಂಭಿಸಿದ ‘ವಿಐ’ ಎಂಬುದು ಇವುಗಳಲ್ಲಿ ಹೆಸರಾಂತದ್ದು. ಅದರ ಹಾದಿಯಲ್ಲೇ ನಡೆದು ಬೆಳೆದ ‘ವಿಮ್’ ಎಂಬುದನ್ನು ನೆದರ್ಲೆಂಡ್ಸಿನ ಬ್ರಾಮ್ ಮೂಲೆನಾರ್ 1991ರಲ್ಲಿ ಲೋಕಕ್ಕೆ ನೀಡಿದರು. ಟ್ಯಾಬ್ ಕೀಲಿ ಹೇಗೆ ವರ್ತಿಸಬೇಕೆಂಬುದನ್ನು ನಿರ್ಧರಿಸಲು ವಿಮ್‌ನಲ್ಲಿ ಮುಖ್ಯವಾಗಿ ನಾಲ್ಕು ಏರ್ಪಾಡುಗಳಿವೆ. ಕಡತದಲ್ಲಿರುವ ಟ್ಯಾಬ್ ಎಷ್ಟು ಅಗಲ ಕಾಣಬೇಕು ಎಂಬುದು ಮೊದಲನೆಯದು. ಸಾಲನ್ನು ಒಂದು ಹೆಜ್ಜೆ ಒಳಕ್ಕೆ ಸರಿಸುವಾಗ ಎಷ್ಟು ಸರಿಸಬೇಕು ಎಂಬುದು ಎರಡನೆಯದು. ಕೀಲಿಯನ್ನು ಒಮ್ಮೆ ಒತ್ತಿದರೆ ಬರೆಯುವವನಿಗೆ ಎಷ್ಟು ಸ್ಥಾನ ಮುಂದೆ ಹೋದಂತೆ ತೋರಬೇಕು ಎಂಬುದು ಮೂರನೆಯದು. ಕೀಲಿಯನ್ನು ಒತ್ತಿದಾಗ ನಿಜವಾದ ಟ್ಯಾಬನ್ನು ಬರೆಯಬೇಕೋ, ಅದರ ಬದಲು ಅಷ್ಟೇ ಖಾಲಿಜಾಗಗಳನ್ನು ತುಂಬಬೇಕೋ ಎಂಬುದು ನಾಲ್ಕನೆಯದು. ಒಂದು ಕೀಲಿಗೆ ಇಷ್ಟೊಂದು ಉಪಚಾರವೇ ಎಂದು ಹೊಸಬನಿಗೆ ನಗು ಬರಬಹುದು. ಆದರೆ ಈ ನಾಲ್ಕೂ ಒಂದಕ್ಕೊಂದು ಹೊಂದದಿದ್ದರೆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ.

ವಿದ್ಯಾರ್ಥಿಯೊಬ್ಬನು ಕ್ರಮವಿಧಿಯನ್ನು ಬರೆಯುತ್ತಿದ್ದಾನೆ ಎಂದಿಟ್ಟುಕೊಳ್ಳಬಹುದು. ಅವನ ಸಂಪಾದಕದಲ್ಲಿ ತಡೆ ನಾಲ್ಕಕ್ಕೆ ಇದೆ. ಒಂದು ಸಾಲಿನಲ್ಲಿ ಟ್ಯಾಬನ್ನು ಒತ್ತುತ್ತಾನೆ. ಮುಂದಿನ ಸಾಲಿನಲ್ಲಿ ನಾಲ್ಕು ಬಾರಿ ಖಾಲಿಜಾಗವನ್ನು ಒತ್ತುತ್ತಾನೆ. ಅವನ ಕಣ್ಣಿಗೆ ಎರಡು ಸಾಲುಗಳೂ ದಾರ ಹಿಡಿದಂತೆ ನೇರವಾಗಿವೆ. ಸ್ನೇಹಿತೆಯೊಬ್ಬಳು ಅದೇ ಕಡತವನ್ನು ತನ್ನ ಯಂತ್ರದಲ್ಲಿ ತೆರೆಯುತ್ತಾಳೆ. ಅವಳದು ಎಂಟರ ತಡೆ. ಸಾಲುಗಳು ಹಲ್ಲು ಬಿದ್ದ ಬಾಚಣಿಗೆಯಂತೆ ಕಾಣುತ್ತವೆ. ಅವನು ಅಜಾಗರೂಕನೆಂದು ಅವಳು ತಿಳಿಯುತ್ತಾಳೆ. ಅವಳು ಸುಮ್ಮನೆ ತಪ್ಪು ಹುಡುಕುತ್ತಾಳೆಂದು ಅವನು ನೊಂದುಕೊಳ್ಳುತ್ತಾನೆ. ಇಬ್ಬರ ಮಾತೂ ಅವರವರ ಪರದೆಯ ಮಟ್ಟಿಗೆ ಸತ್ಯ. ಎದುರಿನವರ ಪರದೆಯನ್ನು ಇಬ್ಬರೂ ನೋಡಿಲ್ಲ, ಅಷ್ಟೆ.

ಪೈಥಾನ್ ಎಂಬ ಗಣಕಭಾಷೆಯಲ್ಲಿ ಈ ಎಡವಟ್ಟು ನೋಟಕ್ಕಷ್ಟೇ ನಿಲ್ಲುವುದಿಲ್ಲ. ನೆದರ್ಲೆಂಡ್ಸಿನವರೇ ಆದ ಗೀಡೋ ವಾನ್ ರಾಸಮ್ 1991ರಲ್ಲಿ ಹೊರತಂದ ಈ ಭಾಷೆಯಲ್ಲಿ, ಯಾವ ಸಾಲು ಯಾವುದಕ್ಕೆ ಅಧೀನವೆಂಬುದನ್ನು ಯಂತ್ರವೂ ಬಿಟ್ಟ ಜಾಗದಿಂದಲೇ ತಿಳಿದುಕೊಳ್ಳುತ್ತದೆ. ಕಣ್ಣಿಗೆ ಕಾಣುವುದು ಒಂದು, ಯಂತ್ರ ತಿಳಿಯುವುದು ಇನ್ನೊಂದು ಆದರೆ ಕೆಲಸವೇ ಕೆಡುತ್ತದೆ. ಆದಕಾರಣ 2008ರಲ್ಲಿ ಬಂದ ಆ ಭಾಷೆಯ ಮೂರನೆಯ ಆವೃತ್ತಿಯು, ಟ್ಯಾಬು ಮತ್ತು ಖಾಲಿಜಾಗಗಳನ್ನು ಗೊಂದಲವಾಗುವಂತೆ ಬೆರೆಸಿ ಬರೆದ ಕ್ರಮವಿಧಿಯನ್ನು ನಡೆಸಲು ಒಪ್ಪದೆ, ತಪ್ಪೆಂದು ಹಿಂದಿರುಗಿಸುತ್ತದೆ.

ಒಂದು ಟ್ಯಾಬು ಎಷ್ಟು ಕಾಲ ಬಾಳಬಲ್ಲದು ಎಂಬುದಕ್ಕೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ನಡೆದ ಒಂದು ಘಟನೆ ಸಾಕ್ಷಿಯಾಗಿದೆ. 1976ರಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಎಂಬವರು ‘ಮೇಕ್’ ಎಂಬ ಸಾಧನವನ್ನು ರಚಿಸಿದರು. ದೊಡ್ಡ ಕ್ರಮವಿಧಿಯೊಂದರಲ್ಲಿ ಯಾವ ಭಾಗ ಬದಲಾಗಿದೆಯೋ ಅದನ್ನು ಅವಲಂಬಿಸಿದ ಭಾಗಗಳನ್ನು ಮಾತ್ರ ಹೊಸದಾಗಿ ಸಿದ್ಧಪಡಿಸುವುದು ಅದರ ಕೆಲಸ. ಅದಕ್ಕೆ ಕೊಡುವ ಆಜ್ಞೆಯ ಸಾಲು ಟ್ಯಾಬಿನಿಂದಲೇ ಆರಂಭವಾಗಬೇಕೆಂದು ಅವರು ನಿಯಮ ಮಾಡಿದರು. ಆ ಹೊತ್ತಿಗೆ ಅದು ಸುಲಭವಾದ ದಾರಿಯಾಗಿತ್ತು. ಆದರೆ ಟ್ಯಾಬಿನ ಬದಲು ಖಾಲಿಜಾಗಗಳನ್ನು ಹಾಕಿದರೆ ಕಣ್ಣಿಗೆ ವ್ಯತ್ಯಾಸವೇ ತೋರುವುದಿಲ್ಲ. ಮೇಕ್ ಮಾತ್ರ ಕೆಲಸ ಮಾಡುವುದಿಲ್ಲ. ಕೆಲವೇ ವಾರಗಳಲ್ಲಿ ಅದನ್ನು ಬಳಸುವವರು ಸುಮಾರು ಹನ್ನೆರಡು ಮಂದಿ ಆಗಿದ್ದರು. ಅವರಲ್ಲಿ ಹೆಚ್ಚಿನವರು ಸ್ನೇಹಿತರು. ನಿಯಮವನ್ನು ಬದಲಿಸಿದರೆ ಅವರಿಗೆ ತೊಂದರೆಯಾದೀತೆಂದು ಫೆಲ್ಡ್‌ಮನ್ನರು ಅದನ್ನು ಹಾಗೆಯೇ ಬಿಟ್ಟರು. ಮುಂದೆ ಮೇಕ್ ಲೋಕದಾದ್ಯಂತ ಹಬ್ಬಿತು. 2003ರಲ್ಲಿ ಅದಕ್ಕಾಗಿ ಅವರಿಗೆ ಎಸಿಎಮ್ ಸಂಸ್ಥೆಯ ಪ್ರಶಸ್ತಿಯೂ ಸಂದಿತು. ಹನ್ನೆರಡು ಮಂದಿಗೆ ತೊಂದರೆ ಬೇಡವೆಂದು ಉಳಿಸಿದ ಆ ನಿಯಮ ಮಾತ್ರ ಅನಂತರ ಬಂದ ಅಸಂಖ್ಯಾತ ಮಂದಿಯನ್ನು ಎಡವಿಸುತ್ತಲೇ ಬಂದಿತು. 2010ರಲ್ಲಿ ‘ಗ್ನೂ ಮೇಕ್’ ಎಂಬ ರೂಪದಲ್ಲಿ ಟ್ಯಾಬಿನ ಬದಲು ಬೇರೆ ಚಿಹ್ನೆಯನ್ನು ಆರಿಸಿಕೊಳ್ಳುವ ಅವಕಾಶ ದೊರೆಯಿತು. ಆದರೂ ಆರಿಸಿಕೊಳ್ಳದವರಿಗೆ ಹಳೆಯ ಟ್ಯಾಬೇ ಗತಿ. ಬೇರು ಬಿಟ್ಟ ರೂಢಿಯನ್ನು ಕೀಳುವುದು ಅಷ್ಟು ಸುಲಭವಲ್ಲ.

ಹಾಗಾದರೆ ಸರಿಯಾದ ದಾರಿ ಯಾವುದು? ಈ ವಿಷಯದಲ್ಲಿ ಬಲ್ಲವರಲ್ಲೇ ಒಮ್ಮತವಿಲ್ಲ. ಪೈಥಾನಿನ ಶೈಲಿಯ ಕೈಪಿಡಿಯು ಪ್ರತಿಯೊಂದು ಹೆಜ್ಜೆಗೂ ನಾಲ್ಕು ಖಾಲಿಜಾಗಗಳನ್ನು ಬಳಸಬೇಕೆಂದು ಹೇಳುತ್ತದೆ. ಲಿನಕ್ಸ್ ಎಂಬ ಕಾರ್ಯವ್ಯವಸ್ಥೆಯ ತಿರುಳನ್ನು ಬರೆಯುವವರು ಟ್ಯಾಬನ್ನೇ, ಅದೂ ಎಂಟು ಅಕ್ಷರಗಳ ಅಗಲದ ಟ್ಯಾಬನ್ನೇ, ಬಳಸಬೇಕೆಂದು ನಿಯಮವಿದೆ. 2009ರಲ್ಲಿ ಪ್ರಕಟವಾದ ‘ಗೋ’ ಭಾಷೆಯವರು ವಾದವನ್ನೇ ಬದಿಗಿಟ್ಟು, ಬರೆದುದನ್ನೆಲ್ಲ ಒಂದೇ ಅಚ್ಚಿಗೆ ತರುವ ಸಾಧನವನ್ನು ಭಾಷೆಯ ಜೊತೆಗೇ ಕೊಟ್ಟರು; ಅದು ಟ್ಯಾಬನ್ನು ಬಳಸುತ್ತದೆ. ಖಾಲಿಜಾಗದ ಪಕ್ಷದವರ ವಾದ ಇದು: ಬರೆದವನು ಕಂಡಂತೆಯೇ ಎಲ್ಲರೂ ಕಾಣಬೇಕು. ಟ್ಯಾಬಿನ ಪಕ್ಷದವರ ವಾದ ಬೇರೆ: ಎಷ್ಟು ಹೆಜ್ಜೆ ಒಳಗೆ ಎಂಬುದನ್ನು ಬರೆದವನು ಹೇಳಲಿ, ಹೆಜ್ಜೆಯ ಅಗಲವನ್ನು ಓದುವವನು ನಿರ್ಧರಿಸಲಿ.

ಈ ವಾದವು ಬರಿಯ ಅಭಿರುಚಿಯ ಜಗಳವೆಂದು ತೋರಬಹುದು. ಆದರೆ ಓದುವವರೆಲ್ಲರ ಕಣ್ಣು ಒಂದೇ ಸಮನಲ್ಲ ಎಂಬುದನ್ನು ನೆನೆದಾಗ ಅದರ ತೂಕ ಬೇರೆಯಾಗುತ್ತದೆ. ಕಣ್ಣು ಕಾಣದವರು ಗಣಕಯಂತ್ರವನ್ನು ಬಳಸಲು ಬ್ರೈಲ್ ಫಲಕವೆಂಬ ಸಾಧನವಿದೆ. ಪರದೆಯ ಸಾಲು ಅದರ ಮೇಲೆ ಉಬ್ಬು ಚುಕ್ಕೆಗಳಾಗಿ ಮೂಡುತ್ತದೆ. ಬೆರಳು ಅದನ್ನು ಓದುತ್ತದೆ. ನಲವತ್ತು ಅಕ್ಷರಗಳ ಫಲಕವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮೂರು ಹೆಜ್ಜೆ ಒಳಗಿರುವ ಸಾಲಿನಲ್ಲಿ, ಹೆಜ್ಜೆಗೆ ನಾಲ್ಕರಂತೆ, ಹನ್ನೆರಡು ಸ್ಥಾನಗಳು ಬರಿದಾಗಿ ಹೋಗುತ್ತವೆ. ಬೆರಳು ಆ ಬರಿದಾದ ದಾರಿಯನ್ನು ದಾಟಿ ಮೊದಲ ಅಕ್ಷರವನ್ನು ಹುಡುಕಬೇಕು. ಅಲ್ಲಿ ಟ್ಯಾಬ್ ಇದ್ದು, ಓದುವವರು ಅದರ ಅಗಲವನ್ನು ಒಂದಕ್ಕೆ ಇಳಿಸಿಕೊಂಡರೆ ಮೂರೇ ಸ್ಥಾನಗಳು ಸಾಕು. ಮಂದದೃಷ್ಟಿಯವರು ಅಕ್ಷರಗಳನ್ನು ಬಹಳ ದೊಡ್ಡದಾಗಿಸಿ ಓದುತ್ತಾರೆ. ಅವರಿಗೂ ಅಗಲವನ್ನು ಎರಡಕ್ಕೋ ಒಂದಕ್ಕೋ ಇಳಿಸುವ ಸ್ವಾತಂತ್ರ್ಯವಿಲ್ಲದಿದ್ದರೆ ಸಾಲಿನ ಅರ್ಧವು ಪರದೆಯ ಆಚೆಗೆ ಜಾರಿಹೋಗುತ್ತದೆ. ಬರೆದವನಿಗೆ ಅಂದವಾಗಿ ಕಂಡ ಜಾಗವೇ ಓದುವವನಿಗೆ ಅಡ್ಡಗೋಡೆಯಾಗುತ್ತದೆ.

ಹಾಗೆಂದು ಎಲ್ಲೆಡೆಯೂ ಟ್ಯಾಬೇ ಸರಿಯೆನ್ನುವಂತಿಲ್ಲ. ಅಕ್ಷರದ ಕೆಳಗೆ ಅಕ್ಷರವೇ ನಿಲ್ಲಬೇಕಾದ ಕೋಷ್ಟಕಕ್ಕೆ ಖಾಲಿಜಾಗವೇ ನಂಬಿಕೆಯ ಸಂಗಾತಿ. ಹತ್ತು ಮಂದಿ ಕೂಡಿ ಬರೆಯುವ ಕೆಲಸಕ್ಕೆ ಹತ್ತು ಮಂದಿಯ ಒಪ್ಪಂದವೂ ಬೇಕು. ಇದಕ್ಕಾಗಿಯೇ ‘ಎಡಿಟರ್‌ಕಾನ್ಫಿಗ್’ ಎಂಬ ವ್ಯವಸ್ಥೆಯೊಂದು ಬಳಕೆಗೆ ಬಂದಿದೆ. ಒಂದು ಪುಟ್ಟ ಕಡತದಲ್ಲಿ ‘ಈ ಕೆಲಸದಲ್ಲಿ ಟ್ಯಾಬೋ ಖಾಲಿಜಾಗವೋ, ಅಗಲವೆಷ್ಟು’ ಎಂಬುದನ್ನು ಬರೆದಿಟ್ಟರೆ, ಅದನ್ನು ಅರಿತ ಸಂಪಾದಕಗಳು ತಾವಾಗಿಯೇ ಅದರಂತೆ ನಡೆಯುತ್ತವೆ. ಕೂಡಿ ಬಾಳುವ ಮನೆಯಲ್ಲಿ ಚಪ್ಪಲಿ ಬಿಡುವ ಜಾಗ ಯಾವುದೆಂದು ಮೊದಲೇ ಹೇಳಿಟ್ಟಂತೆ ಇದು. ಹೇಳಿಟ್ಟರೆ ದಿನವೂ ಕೂಗಾಡುವ ಪ್ರಸಂಗ ಬಾರದು.

ತನ್ನ ಸಾಧನವನ್ನು ತನ್ನ ಕೈಗೆ ಒಗ್ಗುವಂತೆ ಮಾಡಿಕೊಳ್ಳುವುದು ಕುಶಲಿಯ ಹಕ್ಕು. ಬಡಗಿಯು ಉಳಿಯ ಹಿಡಿಯನ್ನು ತನ್ನ ಮುಷ್ಟಿಗೆ ತಕ್ಕಂತೆ ಕೆತ್ತಿಕೊಳ್ಳುತ್ತಾನೆ. ಅದನ್ನು ಯಾರೂ ತಪ್ಪೆನ್ನರು. ಆದರೆ ಅವನು ಮಾಡಿದ ಬಾಗಿಲು ಅವನ ಮನೆಯಲ್ಲೇ ಉಳಿಯುವುದಿಲ್ಲ. ಅದರ ಮೂಲಕ ಎತ್ತರದವರೂ ಗಿಡ್ಡರೂ ಹಾದುಹೋಗಬೇಕು. ಟ್ಯಾಬ್ ಕೀಲಿಯ ಮಾತೂ ಹಾಗೆಯೇ. ಕೀಲಿ ಹೇಗೆ ವರ್ತಿಸಬೇಕು ಎಂಬುದು ಬರೆಯುವವನ ಇಷ್ಟ. ಕಡತದಲ್ಲಿ ಏನು ಉಳಿಯಬೇಕು ಎಂಬುದು ಅದನ್ನು ಓದುವ ಎಲ್ಲರ ಪ್ರಶ್ನೆ.

ನೋಟುಬುಕ್ಕಿನ ಮೇಲೆ ಎರಡು ಬೆರಳನ್ನಿಟ್ಟು ಅಳೆಯುವ ಬಾಲಕನಿಗೆ ಇದಾವುದೂ ತಿಳಿಯದು. ಆದರೂ ಅವನು ಬಿಡುವ ಜಾಗ ಅವನಿಗಾಗಿ ಅಲ್ಲ. ತಾನು ಏನು ಬರೆಯಲಿದ್ದೇನೆಂಬುದು ಅವನಿಗೆ ಮೊದಲೇ ಗೊತ್ತು. ಆ ಜಾಗವಿರುವುದು ಮುಂದೆ ಎಂದೋ ಆ ಪುಟವನ್ನು ತೆರೆದು ಓದುವ ಇನ್ನೊಬ್ಬರಿಗಾಗಿ.