ತ್ರೈರಾಶಿಗೆ ಸಿಗದ ಓಟ



ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನನ್ನು ನಿವೃತ್ತಿಯ ಅನಂತರವೂ ಲೆಕ್ಕಗಳು ಬಿಡುವುದಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತರೆ, ಎರಡು ಮೈಲಿಗಲ್ಲುಗಳ ನಡುವಿನ ಸೆಕೆಂಡುಗಳನ್ನು ಎಣಿಸಿ ಬಸ್ಸಿನ ವೇಗವನ್ನು ಮನಸ್ಸಿನಲ್ಲೇ ಕಂಡುಹಿಡಿಯುವುದು ನನಗೆ ಈಗಲೂ ಅಭ್ಯಾಸ. ಮನೆಯವರು ಇದನ್ನು ಕಂಡು ನಗುತ್ತಾರೆ. ಆದರೆ ಒಬ್ಬ ಹುಡುಗ ಕೈಯಲ್ಲಿ ಚೀಟಿ ಹಿಡಿದು ಇದೇ ಲೆಕ್ಕವನ್ನು ಕೇಳಿದಾಗ ನಾನು ಮಾಡಿಕೊಡಲಿಲ್ಲ. ಆ ಸಂಗತಿಯನ್ನು ಇಂದು ಬರೆಯುತ್ತಿದ್ದೇನೆ.

1980ರ ದಶಕದ ಕೊನೆಯ ವರ್ಷಗಳು. ಬಂಟ್ವಾಳ ಮತ್ತು ಬೆಳ್ತಂಗಡಿ ತಾಲೂಕುಗಳ ಗಡಿಯ ಸಮೀಪದ ಒಂದು ಪ್ರೌಢಶಾಲೆಯಲ್ಲಿ ನಾನಿದ್ದೆ. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಅವನ ಹೆಸರು ಇಲ್ಲಿ ಬೇಡ. ಓದುತ್ತಿರುವ ನಿಮ್ಮಲ್ಲಿ ಕೆಲವರಿಗೆ ಹೇಳದೆಯೇ ಗೊತ್ತಾದೀತು. ಒಂಬತ್ತು ಕಿಲೋಮೀಟರ್ ದೂರದ ಮನೆಯಿಂದ, ಮಾವನ ಹಳೆಯ ಸೈಕಲ್ಲನ್ನು ತುಳಿದುಕೊಂಡು ಬರುತ್ತಿದ್ದ. ನಮ್ಮ ಕಡೆಯ ರಸ್ತೆಗಳು ನಿಮಗೆ ತಿಳಿಯದ್ದಲ್ಲ: ಒಂದು ಏರು, ಒಂದು ಇಳಿತ, ಒಂದು ತಿರುವು, ಮತ್ತೆ ಏರು. ಬೆಳಗ್ಗಿನ ಬಸ್ಸು ಅವನ ಮನೆಯ ಮುಂದೆ ಹಾದುಹೋದ ಮೇಲೆ ಹೊರಟು, ಅದು ನಮ್ಮ ಶಾಲೆಯ ಮುಂದೆ ನಿಲ್ಲುವ ಮೊದಲೇ ಅವನು ಗೇಟಿನ ಒಳಗಿರುತ್ತಿದ್ದ. ಬಸ್ಸು ಕೈ ಎತ್ತಿದವರಿಗೆಲ್ಲ ನಿಲ್ಲುತ್ತಿತ್ತು ಎಂಬುದು ನಿಜ. ಆದರೂ ಆ ಏರುಗಳಲ್ಲಿ ಸೀಟಿನಿಂದ ಎದ್ದು ನಿಂತು ತುಳಿಯುವ ಅವನ ಕಾಲುಗಳಲ್ಲಿ ಏನೋ ಒಂದು ವಿಶೇಷವಿತ್ತು.

ಶಾಲೆಯ ಕ್ರೀಡಾದಿನದಂದು ಸೈಕಲ್ಲಿಗೆ ಇದ್ದದ್ದು ಒಂದೇ ಸ್ಪರ್ಧೆ, ನಿಧಾನ ಸೈಕಲ್ ಸ್ಪರ್ಧೆ. ಯಾರು ಕಾಲು ಊರದೆ ಕೊನೆಯವರಾಗಿ ಗೆರೆ ದಾಟುತ್ತಾರೋ ಅವರಿಗೆ ಬಹುಮಾನ. ಅವನು ಎಲ್ಲರಿಗಿಂತ ಮೊದಲು ಗೆರೆ ದಾಟಿ ಸೋತ. ನಾವು ಅಧ್ಯಾಪಕರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು. ಆಗಿನ ಅವಿಭಜಿತ ಬಿಜಾಪುರ ಜಿಲ್ಲೆಯಿಂದ ವರ್ಗವಾಗಿ ಬಂದಿದ್ದ ನಮ್ಮ ಸಹೋದ್ಯೋಗಿಯೊಬ್ಬರು ಮಾತ್ರ ನಗಲಿಲ್ಲ. "ಈ ಹುಡುಗ ನಮ್ಮ ಕಡೆ ಹುಟ್ಟಬೇಕಿತ್ತು, ರೇಸಿಗೆ ಕಳಿಸುತ್ತಿದ್ದೆವು" ಎಂದರು. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಿಂದ ಎಷ್ಟೋ ಮಂದಿ ಹುಡುಗರೂ ಹುಡುಗಿಯರೂ ಕ್ರೀಡಾ ವಸತಿನಿಲಯ ಸೇರಿ ರಾಷ್ಟ್ರಮಟ್ಟದ ಸೈಕಲ್ ಸವಾರರಾದದ್ದನ್ನು ಪತ್ರಿಕೆಗಳಲ್ಲಿ ಓದುವಾಗ ನನಗೆ ಅವರ ಆ ಮಾತು ನೆನಪಾಗುತ್ತದೆ.

ನಮ್ಮ ಹುಡುಗ ಹುಟ್ಟಿದ್ದು ತುಳುನಾಡಿನಲ್ಲಿ. ಅವನ ಕಾಲುಗಳಿಗೆ ಇಲ್ಲಿ ಕಾದಿದ್ದ ದಾರಿ ಒಂದೇ, ಕಂಬಳದ ಕರೆ. ನವೆಂಬರಿನಿಂದ ಮಾರ್ಚಿನವರೆಗೆ, ಶನಿವಾರ ಆರಂಭವಾದ ಕಂಬಳ ಭಾನುವಾರವೂ ಮುಂದುವರಿಯುವ ದಿನಗಳು. ಹುಡುಗ ಯಾರದೋ ಕೋಣಗಳ ಜತೆಗೆ ಹೋಗುತ್ತಿದ್ದ. ಮೊದಲು ಹಗ್ಗ ಹಿಡಿದು ನಿಲ್ಲಲು, ಆಮೇಲೆ ಅಭ್ಯಾಸಕ್ಕೆ ಓಡಲು. ಸೋಮವಾರದ ಮೊದಲ ಪಾಠ ಗಣಿತ. ಅವನು ಕೊನೆಯ ಬೆಂಚಿನಲ್ಲಿ ನಿದ್ದೆ ಹೋಗಿರುತ್ತಿದ್ದ. ಬಯ್ದೆ, ನಿಲ್ಲಿಸಿದೆ, ಒಂದೆರಡು ಸಲ ಬೆತ್ತವನ್ನೂ ಎತ್ತಿದೆ.

ಅಂಥ ಒಂದು ಸೋಮವಾರ, ಪಾಠ ಮುಗಿದ ಮೇಲೆ ಅವನು ನನ್ನ ಮೇಜಿನ ಬಳಿ ಬಂದ. ಕೈಯಲ್ಲಿ ಒಂದು ಚೀಟಿ. ಅದರಲ್ಲಿ ಎರಡು ಸಂಖ್ಯೆಗಳು: 140 ಮೀಟರ್, 15 ಸೆಕೆಂಡ್. ಗೆಳೆಯನೊಬ್ಬ ಎಚ್‌ಎಂಟಿ ವಾಚಿನ ಸೆಕೆಂಡಿನ ಮುಳ್ಳನ್ನು ನೋಡಿ ಎಣಿಸಿದ್ದನಂತೆ. "ಮಾಸ್ಟ್ರೇ, ಇದು ಗಂಟೆಗೆ ಎಷ್ಟು ಕಿಲೋಮೀಟರ್ ಆಗುತ್ತದೆ?" ಎಂದು ಕೇಳಿದ.

ಅಧ್ಯಾಪಕನ ಬದುಕಿನಲ್ಲಿ ಇಂಥ ಗಳಿಗೆ ಎಷ್ಟು ಬಾರಿ ಬರುತ್ತದೆ ಹೇಳಿ? ನಿದ್ದೆ ಹೋಗುವ ಹುಡುಗ ತಾನಾಗಿ ಲೆಕ್ಕ ಹಿಡಿದುಕೊಂಡು ಬಂದಿದ್ದ. ನಾನು ಚೀಟಿಯನ್ನು ಹಿಂದಿರುಗಿಸಿ, "ಮೊದಲು ಪುಸ್ತಕದಲ್ಲಿರುವ ರೈಲಿನ ಲೆಕ್ಕ ಮಾಡು. ಕೋಣದ ಹಿಂದೆ ಓಡುವವನಿಗೆ ಗಣಿತ ಬೇಕಾಗಿಲ್ಲ" ಎಂದೆ. ಬೆಂಚುಗಳಿಂದ ನಗು ಕೇಳಿಸಿತು. ಅವನೂ ನಕ್ಕ. ಬೇಸಿಗೆ ರಜೆ ಕಳೆದು ಜೂನ್ ತಿಂಗಳಲ್ಲಿ ಶಾಲೆ ಆರಂಭವಾದಾಗ ಅವನು ಬರಲಿಲ್ಲ. ಬಡತನವೂ ಕಾರಣವಿರಬಹುದು. ನನ್ನ ಮಾತು ಕಾರಣವಲ್ಲವೆಂದು ಹೇಳುವ ಧೈರ್ಯ ನನಗಿಲ್ಲ.

ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ಮೇಲೆ, ನಾನು ಮಾಡಿಕೊಡದ ಆ ಲೆಕ್ಕವನ್ನು ಇಡೀ ಜಗತ್ತೇ ಮಾಡಿತು. 2020ರ ಫೆಬ್ರವರಿ 1ರಂದು ಮೂಲ್ಕಿ ಸಮೀಪದ ಐಕಳದ ಕಂಬಳದಲ್ಲಿ, ಮೂಡುಬಿದಿರೆ ಬಳಿಯ ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಆಗ ಅವರಿಗೆ 28 ವರ್ಷ, ಜೀವನೋಪಾಯಕ್ಕೆ ಕಟ್ಟಡದ ಕೂಲಿ. ಯಾರೋ ತ್ರೈರಾಶಿ ಹಾಕಿದರು: 142.5 ಮೀಟರಿಗೆ 13.62 ಸೆಕೆಂಡಾದರೆ 100 ಮೀಟರಿಗೆ ಎಷ್ಟು? ಉತ್ತರ 9.55 ಎಂದು ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಮರುದಿನಗಳಲ್ಲಿ ದೇಶವಿದೇಶಗಳ ಪತ್ರಿಕೆಗಳೆಲ್ಲ ನಮ್ಮ ಅಶ್ವತ್ಥಪುರದ ಹೆಸರನ್ನು ಅಚ್ಚು ಹಾಕಿದವು. ಅದೇ ತಿಂಗಳ 16ರಂದು, ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟರು 143 ಮೀಟರನ್ನು 13.61 ಸೆಕೆಂಡುಗಳಲ್ಲಿ ಮುಗಿಸಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. 1604ರಲ್ಲಿ ನಿಂತ ಬಾಹುಬಲಿಗಾಗಿ ಹೆಸರಾದ ವೇಣೂರು, ಹದಿನಾಲ್ಕು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಇನ್ನೊಂದು ಕಾರಣಕ್ಕೆ ಹೆಸರಾಯಿತು. ಮರುವರ್ಷ, 2021ರ ಮಾರ್ಚ್‌ನಲ್ಲಿ ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಶ್ರೀನಿವಾಸ ಗೌಡರು 125 ಮೀಟರನ್ನು 11.21 ಸೆಕೆಂಡುಗಳಲ್ಲಿ ಓಡಿದರು.

ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಗೌಡರನ್ನು ಕರೆಸುವುದಾಗಿ ಪ್ರಕಟಿಸಿದರು. ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರು ಬೆಂಗಳೂರಿನಲ್ಲಿ ಸನ್ಮಾನಿಸಿ 3 ಲಕ್ಷ ರೂಪಾಯಿ ಕೊಟ್ಟರು. ಆದರೆ ಗೌಡರು ಆ ಪರೀಕ್ಷೆಗೆ ಹೋಗಲಿಲ್ಲ. ಕಾಲಿನ ನೋವಿತ್ತು, ಮುಂದಿನ ಕಂಬಳಗಳಿದ್ದವು. ಕಂಬಳದಲ್ಲಿ ಹಿಮ್ಮಡಿ ಊರಿ ಓಡಬೇಕು, ಟ್ರ್ಯಾಕಿನಲ್ಲಿ ತುದಿಗಾಲಿನಲ್ಲಿ ಓಡಬೇಕು, ಎರಡೂ ಬೇರೆ ಎಂಬುದು ಅವರ ವಿವರಣೆಯಾಗಿತ್ತು. ಕೆಲವರು ಅವರನ್ನು ಹೆದರಿದವರೆಂದರು. ಅವಕಾಶ ಕಳೆದುಕೊಂಡರೆಂದು ಮರುಗಿದವರೂ ಇದ್ದರು. ನನಗನಿಸಿದ್ದು, ಅಂದು ಎಲ್ಲರಿಗಿಂತ ಸರಿಯಾಗಿ ಗಣಿತ ಮಾಡಿದವರು ಅವರೇ ಎಂದು.

ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತು ನಿಮಗೆ ನೆನಪಿದೆಯೇ? ತ್ರೈರಾಶಿ ಹಾಕುವ ಮೊದಲು, ಎರಡೂ ಪರಿಮಾಣಗಳು ಒಂದೇ ಜಾತಿಯವೇ, ಸಮಾನುಪಾತದಲ್ಲಿ ಬೆಳೆಯುತ್ತವೆಯೇ ಎಂದು ಪರೀಕ್ಷಿಸಬೇಕು. ಐದು ಮಾವಿನಹಣ್ಣಿಗೆ ಹತ್ತು ರೂಪಾಯಿಯಾದರೆ ಹತ್ತಕ್ಕೆ ಇಪ್ಪತ್ತು, ಸರಿ. ಓಟ ಹಾಗಲ್ಲ. ನಿಂತಲ್ಲಿಂದ ವೇಗಕ್ಕೆ ಏರಲು ಬೇಕಾದ ಸಮಯ ಪ್ರತಿ ಮೀಟರಿಗೂ ಸಮನಾಗಿ ಹಂಚಿಹೋಗುವುದಿಲ್ಲ. ಅದಕ್ಕಿಂತ ದೊಡ್ಡ ಮಾತೆಂದರೆ, ಕರೆಯಲ್ಲಿ ಓಡುವುದು ಮನುಷ್ಯನೊಬ್ಬನೇ ಅಲ್ಲ. ಮುಂದೆ ಎರಡು ಕೋಣಗಳು ಎಳೆಯುತ್ತವೆ. ಕೆಳಗೆ ಕೆಸರು ಕಾಲನ್ನು ಹಿಡಿಯುತ್ತದೆ. ಕೋಣಗಳ ವೇಗಕ್ಕೆ ಹೆಜ್ಜೆ ಹೊಂದದಿದ್ದರೆ ಓಟಗಾರ ಬೀಳುತ್ತಾನೆ. ಈ ಎಳೆತವನ್ನೂ ಈ ತಡೆಯನ್ನೂ ಕೂಡಿ ಕಳೆದು ಬರ್ಲಿನ್‌ನ ಓಟಕ್ಕೆ ಹೋಲಿಸುವ ಸೂತ್ರ ಯಾವ ಪುಸ್ತಕದಲ್ಲಿಯೂ ಇಲ್ಲ.

ಸೈಕಲ್ ಲೋಕದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 2022ರ ಅಕ್ಟೋಬರಿನಲ್ಲಿ ಇಟಲಿಯ ಫಿಲಿಪ್ಪೊ ಗಾನ್ನಾ ಎಂಬ ಸವಾರ ಸ್ವಿಟ್ಜರ್ಲೆಂಡಿನ ಗ್ರೆಂಚೆನ್‌ನಲ್ಲಿ ಒಂದು ಗಂಟೆಯಲ್ಲಿ 56.792 ಕಿಲೋಮೀಟರ್ ತುಳಿದರು. ಅದಕ್ಕೂ ಮೊದಲು, 2018ರಲ್ಲಿ ಅಮೆರಿಕದ ಡೆನಿಸ್ ಮ್ಯುಲರ್ ಕೊರೆನೆಕ್ ಎಂಬ ಮಹಿಳೆ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಗಂಟೆಗೆ ಸುಮಾರು 296 ಕಿಲೋಮೀಟರ್ ವೇಗ ಮುಟ್ಟಿದರು. ಹಾಗಾದರೆ ಆಕೆ ಗಾನ್ನಾನಿಗಿಂತ ಐದು ಪಟ್ಟು ಬಲಶಾಲಿಯೇ? ಅಲ್ಲ. ಆಕೆ ಓಡಿಸಿದ್ದು ರೇಸ್ ಕಾರೊಂದರ ಬೆನ್ನಿಗೆ ಅಂಟಿಕೊಂಡು. ಎದುರುಗಾಳಿಯನ್ನು ಆ ಕಾರು ಸೀಳುತ್ತಿತ್ತು. ಆದರೆ ಆ ವೇಗದಲ್ಲಿ ಸೈಕಲ್ಲಿನ ಮೇಲೆ ಉಳಿಯುವ ಎದೆಗಾರಿಕೆ ಎಷ್ಟು ಜನರಿಗಿದೆ? ಸೈಕಲ್ ಲೋಕ ಜಾಣತನ ಮಾಡಿದೆ. ಒಬ್ಬಂಟಿ ಸವಾರಿಗೆ ಒಂದು ಖಾತೆ, ವಾಹನದ ಮರೆಯ ಸವಾರಿಗೆ ಇನ್ನೊಂದು. ಎರಡರಲ್ಲಿ ಯಾವುದೂ ಸುಳ್ಳಲ್ಲ, ಯಾವುದೂ ಇನ್ನೊಂದರ ಮುಂದೆ ಕೈಕಟ್ಟಿ ನಿಲ್ಲಬೇಕಾಗಿಯೂ ಇಲ್ಲ.

ನಾವು ಆ ಲೋಕದಿಂದ ಕಲಿಯಬೇಕಾದದ್ದು ಇನ್ನೊಂದಿದೆ. ಯೂರೋಪಿನ ಉನ್ನತ ದರ್ಜೆಯ ತಂಡವೊಂದು ಒಬ್ಬ ತರುಣ ಸವಾರನನ್ನು ಸೇರಿಸಿಕೊಂಡರೆ ಅವನಿಗೆ ಲಿಖಿತ ಕರಾರು, ಕನಿಷ್ಠ ಸಂಬಳ ಮತ್ತು ವಿಮೆ ಇರಬೇಕೆಂದು ನಿಯಮವಿದೆ. "ಭವಿಷ್ಯವಿರುವ ಹುಡುಗ" ಎಂದು ಅಲ್ಲಿ ಹೇಳಿದರೆ ಆ ಮಾತಿನ ಹಿಂದೆ ಒಂದು ಕಾಗದವಿರುತ್ತದೆ. ನಮ್ಮಲ್ಲಿ ಓಟಗಾರನಿಗೆ ಕೋಣಗಳ ಯಜಮಾನರು ಕೊಡುವ ಹಣವಿದೆ, ಗೆದ್ದ ದಿನ ಹಾರವಿದೆ, ಜನರ ಪ್ರೀತಿಯಂತೂ ಮಿತಿಯಿಲ್ಲದಷ್ಟಿದೆ. ಆದರೆ ಋತುವಿರುವುದು ಐದು ತಿಂಗಳು, ಹೊಟ್ಟೆಯಿರುವುದು ಹನ್ನೆರಡು ತಿಂಗಳು. ಸುಪ್ರೀಂ ಕೋರ್ಟಿನ 2014ರ ತೀರ್ಪಿನ ಅನಂತರ ಕಂಬಳವೇ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಕೆಲವು ವರ್ಷ ಕಳೆದವು. ರಾಜ್ಯದ ತಿದ್ದುಪಡಿ ಕಾನೂನನ್ನು ಅದೇ ನ್ಯಾಯಾಲಯ 2023ರ ಮೇ 18ರಂದು ಎತ್ತಿಹಿಡಿದ ಮೇಲೆ ಆ ಆತಂಕ ಕಳೆಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೂ ಕಂಬಳ ನಡೆಯಿತು. ಕರೆ ಗಟ್ಟಿಯಾಯಿತು. ಓಟಗಾರನ ಮುಂದಿನ ದಿನಗಳು ಗಟ್ಟಿಯಾದವೇ? ಪ್ರೊ. ಕೆ. ಗುಣಪಾಲ ಕಡಂಬರ ಕಂಬಳ ಅಕಾಡೆಮಿ ಎಳೆಯರಿಗೆ ಶಿಸ್ತಿನ ತರಬೇತಿಯ ದಾರಿ ತೋರಿಸಿತು. ಶ್ರೀನಿವಾಸ ಗೌಡರೂ ಅಲ್ಲಿ ಪಳಗಿದವರೇ. ಆದರೆ ಒಂದು ಅಕಾಡೆಮಿ ಎಲ್ಲವನ್ನೂ ಮಾಡಲಾರದು.

ಮೊನ್ನೆಯ ಋತುವಿನಲ್ಲಿ ಮೂಡುಬಿದಿರೆಯ ಕಡಲಕೆರೆಯ ಕೋಟಿ ಚೆನ್ನಯ ಕಂಬಳಕ್ಕೆ ಹೋಗಿದ್ದೆ. ಮಂಜೊಟ್ಟಿಯ ಪಕ್ಕದಲ್ಲಿ ನಿಂತಿದ್ದಾಗ ಯಾರೋ ಬಂದು ಪಾದ ಮುಟ್ಟಿದರು. ಅವನೇ. ಐವತ್ತು ದಾಟಿದ್ದಾನೆ, ತಲೆ ನರೆತಿದೆ, ಬಲ ಮಂಡಿ ಬಗ್ಗುವುದಿಲ್ಲ. ಹದಿನೇಳು ವರ್ಷ ಓಡಿದನಂತೆ. ಈಗ ಕೋಣಗಳ ಆರೈಕೆಗೆ ಸಲಹೆ ಕೊಡುತ್ತಾನೆ, ಸ್ವಲ್ಪ ಅಡಕೆ ತೋಟವಿದೆ.

ನಾನು ಆ ಚೀಟಿಯ ಮಾತು ಎತ್ತಿದೆ. ಕ್ಷಮೆ ಕೇಳಬೇಕೆಂದಿದ್ದೆ. ಅವನು ಜೋರಾಗಿ ನಕ್ಕು, "ಅದೇ ದಿನ ಸಂಜೆ ಬಸ್ಸಿನ ಕಂಡಕ್ಟರ್ ಟಿಕೇಟಿನ ಹಿಂದೆ ಮಾಡಿಕೊಟ್ಟರು ಮಾಸ್ಟ್ರೇ, ಗಂಟೆಗೆ ಮೂವತ್ತಮೂರೂವರೆ" ಎಂದ. ದಿನವೂ ಯಾವ ಬಸ್ಸನ್ನು ಅವನು ಸೋಲಿಸುತ್ತಿದ್ದನೋ ಅದೇ ಬಸ್ಸಿನ ಕಂಡಕ್ಟರ್! 33.6 ಎಂದು ತಿದ್ದಲು ಬಾಯಿ ತೆರೆದವನು ಸುಮ್ಮನಾದೆ.

ಆಮೇಲೆ ಅವನು ಕರೆಯತ್ತ ಕೈ ತೋರಿಸಿದ. ಗಂತಿನ ಬಳಿ ಒಬ್ಬ ಹುಡುಗ ನಿಂತಿದ್ದ, ಅವನ ಮಗ. ಐಟಿಐ ಓದುತ್ತಾನೆ, ಕಿರಿಯ ವಿಭಾಗದಲ್ಲಿ ಓಡುತ್ತಾನೆ. "ಚೆನ್ನಾಗಿ ಓಡುತ್ತಾನೆ, ಎಲ್ಲರೂ ಭವಿಷ್ಯವಿದೆ ಎನ್ನುತ್ತಾರೆ. ಎಷ್ಟು ವರ್ಷ ಓಡಬಹುದು, ಆಮೇಲೆ ಏನು? ನೀವೊಂದು ಲೆಕ್ಕ ಹಾಕಿ ಹೇಳಿ" ಎಂದ.

ಈ ಸಲ ನಾನು ಚೀಟಿಯನ್ನು ಹಿಂದಿರುಗಿಸಲಿಲ್ಲ. ಅಲ್ಲಿಯೇ ಮಣ್ಣಿನ ದಿಣ್ಣೆಯ ಮೇಲೆ ಇಬ್ಬರೂ ಕುಳಿತೆವು. ಐಟಿಐ ನಡುವೆ ಬಿಡಿಸಬೇಡ. ಪ್ರತಿ ಕಂಬಳದ ಹಣವನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಋತು ಆರಂಭವಾಗುವ ಮೊದಲೇ ಅಪಘಾತ ವಿಮೆ ಮಾಡಿಸು. ಯಜಮಾನರೊಂದಿಗೆ ಆಡಿದ ಮಾತು ಕಾಗದದ ಮೇಲಿರಲಿ. ಮಂಡಿ ನೋಯುತ್ತದೆಂದರೆ ಅಂದೇ ಓಟ ನಿಲ್ಲಿಸು. ನನಗೆ ತಿಳಿದದ್ದು ಇಷ್ಟೇ. ಎಷ್ಟು ವರ್ಷ ಎಂಬ ಪ್ರಶ್ನೆಗೆ ತ್ರೈರಾಶಿಯಲ್ಲಿ ಉತ್ತರವಿಲ್ಲವೆಂದೂ ಹೇಳಿದೆ. ಅಷ್ಟರಲ್ಲಿ ಅವನ ಮಗನ ಸರದಿ ಬಂತು. ಕೆಸರು ನೀರು ನಮ್ಮಿಬ್ಬರ ಬಟ್ಟೆಗೂ ಸಿಡಿಯಿತು. ಹುಡುಗ ಗೆಲ್ಲಲಿಲ್ಲ. ಅಪ್ಪ ಗಡಿಯಾರದ ಫಲಕವನ್ನು ನೋಡಿ, ಹಿಂದಿನ ವಾರಕ್ಕಿಂತ ಕಡಿಮೆಯಾಗಿದೆ ಎಂದು ತನ್ನಷ್ಟಕ್ಕೆ ಲೆಕ್ಕ ಹಾಕಿ ತೃಪ್ತನಾದ.

ನಿಮ್ಮಲ್ಲಿ ಕೋಣ ಸಾಕುವವರಿದ್ದೀರಿ, ಕಂಬಳ ಸಮಿತಿಗಳಲ್ಲಿರುವವರಿದ್ದೀರಿ. ಓಟಗಾರನ ವಿಮೆಯ ಮಾತನ್ನು ಮುಂದಿನ ಸಭೆಯಲ್ಲಿ ದಯಮಾಡಿ ಎತ್ತಿರಿ. ಅಧ್ಯಾಪಕರಾದವರೂ ಅನೇಕರಿದ್ದೀರಿ. ಸೋಮವಾರ ಬೆಳಗ್ಗೆ ತೂಕಡಿಸುವ ಹುಡುಗ ಚೀಟಿ ಹಿಡಿದುಕೊಂಡು ಬಂದರೆ, ಬಯ್ಯುವುದನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ. ಮೊದಲು ಲೆಕ್ಕ ಮಾಡಿಕೊಡಿ.