ತಿರುವೈಯಾರಿನಲ್ಲಿ ಪುಷ್ಯ ಬಹುಳ ಪಂಚಮಿ

ತಂಜಾವೂರಿನಿಂದ ಉತ್ತರಕ್ಕೆ ಸುಮಾರು ಎಂಟು ಮೈಲಿ ದೂರದಲ್ಲಿ, ಕಾವೇರಿಯ ದಡದ ಮೇಲೆ, ತಿರುವೈಯಾರೆಂಬ ಸಣ್ಣ ಊರಿರುವುದು. ಐಯಾರು ಎಂದರೆ ಐದು ನದಿಗಳು. ಅಲ್ಲಿಯ ಶಿವನಿಗೂ ಪಂಚನದೀಶ್ವರನೆಂದೇ ಹೆಸರು. ತಂಜಾವೂರನ್ನು ಬಿಟ್ಟ ಬಸ್ಸು ಒಂದಾದ ಮೇಲೊಂದರಂತೆ ಸೇತುವೆಗಳನ್ನು ದಾಟುವಾಗ ಈ ಹೆಸರಿನ ಅರ್ಥವು ತಾನಾಗಿಯೇ ತಿಳಿಯುತ್ತದೆ. ಇಕ್ಕೆಲಗಳಲ್ಲಿಯೂ ಬತ್ತದ ಗದ್ದೆ, ಬಾಳೆ, ತೆಂಗು. ನಮ್ಮ ಮಂಡ್ಯದ ಸೀಮೆಯನ್ನು ಕಂಡವರಿಗೆ ಹೊಸ ನಾಡೆನಿಸದು.

ತ್ಯಾಗರಾಜಸ್ವಾಮಿಗಳು 1767ರಲ್ಲಿ ತಿರುವಾರೂರಿನಲ್ಲಿ ಜನಿಸಿದರೂ ಬಾಳಿನ ಬಹುಭಾಗವನ್ನು ಕಳೆದುದು ಈ ಊರಿನಲ್ಲಿಯೇ. ಉಂಛವೃತ್ತಿಯಿಂದ ಜೀವಿಸಿ, 1847ರ ಜನವರಿಯಲ್ಲಿ, ಪುಷ್ಯ ಬಹುಳ ಪಂಚಮಿಯಂದು ಇಲ್ಲಿಯೇ ದೇಹವಿಟ್ಟರು. ಪ್ರತಿವರ್ಷವೂ ಆ ತಿಥಿಯಂದು ವಿದ್ವಾಂಸರೂ ಸಾಮಾನ್ಯರೂ ಒಟ್ಟಿಗೆ ಕುಳಿತು ಅವರ ಪಂಚರತ್ನ ಕೃತಿಗಳನ್ನು ಹಾಡುತ್ತಾರೆ.

ನಾವಾರೂ ವಿದ್ವಾಂಸರಲ್ಲ. ಬೆಳಗಿನ ಮನೆಗೆಲಸ ಮುಗಿದ ಮೇಲೆ ಸಿಕ್ಕುವ ಅರ್ಧ ಗಂಟೆಯಲ್ಲಿ ಶ್ರುತಿ ಹಿಡಿದು ಕುಳಿತುಕೊಳ್ಳುವವರು. ಐದು ಕೃತಿಗಳನ್ನು ಕಲಿಯಲು ನಮಗೆ ಎರಡು ವರ್ಷಗಳು ಬೇಕಾದುವು. ಐದೂ ಆದಿತಾಳದವೇ, ಆದರೆ ರಾಗಗಳ ದಾರಿ ಬೇರೆ ಬೇರೆ. ಗೌಳದ ರಿಷಭವನ್ನು ಒಂದಿಷ್ಟು ತಗ್ಗಿಸಿಯೇ ಹಿಡಿಯಬೇಕು. ಅದು ಕೈಗೂಡಲು ಒಂದು ಮಳೆಗಾಲವೇ ಕಳೆಯಿತು. ವರಾಳಿಯನ್ನು ಎದುರಿಗೆ ಕುಳ್ಳಿರಿಸಿಕೊಂಡು ಪಾಠ ಹೇಳಿದರೆ ಗುರುಶಿಷ್ಯರಲ್ಲಿ ವಿರಸವುಂಟಾಗುವುದೆಂಬ ಹಳೆಯ ನಂಬಿಕೆಯಿದೆ. ಆದುದರಿಂದ ಆ ಕೃತಿಯನ್ನು ಕೇಳಿ ಕೇಳಿಯೇ ಕಲಿತೆವು.

ನಮ್ಮೊಡನೆ ದೊಡ್ಡಮ್ಮನವರೂ ಹೊರಟಿದ್ದರು. ವಯಸ್ಸು ಎಪ್ಪತ್ತು ದಾಟಿದೆ. ಮೊಸರು ಕಡೆಯುವಾಗ, ಹೂ ಕಟ್ಟುವಾಗ ಅವರ ಬಾಯಲ್ಲಿ ಹಾಡು ತಪ್ಪಿದ ದಿನವಿಲ್ಲ. ಆದರೆ ಹುಡುಗಿಯಾಗಿದ್ದಾಗ, ಬೀದಿಗೆ ಕೇಳುವ ಹಾಗೆ ಹಾಡಬಾರದೆಂದು ಹಿರಿಯರು ಹೇಳಿದ ಮಾತು ಅವರ ಕಂಠದಲ್ಲಿ ಕೀಲಿಯಂತೆ ನಿಂತುಬಿಟ್ಟಿತ್ತು. "ನಾನು ಕೇಳುವುದಕ್ಕೆ ಬರುತ್ತೇನೆ, ಅಷ್ಟೆ" ಎಂದೇ ರೈಲು ಹತ್ತಿದ್ದರು.

ಸಮಾಧಿಯ ಬಳಿ ಒಬ್ಬ ಸ್ತ್ರೀಯ ಪ್ರತಿಮೆಯಿದೆ. ಸ್ವಾಮಿಗಳ ಸನ್ನಿಧಿಯ ಕಡೆಗೇ ಮುಖಮಾಡಿ ಕುಳಿತಿರುವ ಆಕೆ ನಮ್ಮ ನಾಡಿನವರು. 1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ಬೆಂಗಳೂರು ನಾಗರತ್ನಮ್ಮನವರು. ದೇವದಾಸಿಯರ ಕುಲದಲ್ಲಿ ಹುಟ್ಟಿ, ಮೈಸೂರು, ಬೆಂಗಳೂರು, ಮದರಾಸುಗಳಲ್ಲಿ ಹಾಡಿ ಕೀರ್ತಿ ಪಡೆದವರು. ಸಮಾಧಿಯು ಪಾಳುಬಿದ್ದಿರುವ ಸಂಗತಿ ತಿಳಿದಾಗ ತಮ್ಮ ಗಳಿಕೆಯನ್ನು ಅದಕ್ಕೆಂದು ತೆಗೆದಿಟ್ಟರು. 1921ರಲ್ಲಿ ಗುಡಿಗೆ ಅಸ್ತಿವಾರ ಬಿತ್ತು. 1925ರ ಜನವರಿಯಲ್ಲಿ ಪ್ರತಿಷ್ಠೆಯಾಯಿತು.

ಗುಡಿಯನ್ನು ಕಟ್ಟಿಸಿದವರಿಗೆ ಆ ಗುಡಿಯ ಮುಂದೆ ಹಾಡುವ ಅಧಿಕಾರ ಮಾತ್ರ ದೊರೆಯಲಿಲ್ಲ. ಆರಾಧನೆ ನಡೆಸುತ್ತಿದ್ದ ಎರಡು ಪಕ್ಷಗಳೂ ಹೆಂಗಸರ ಗಾಯನವನ್ನು ಒಪ್ಪಲಿಲ್ಲ. ಆಕೆ ಹಿಂಜರಿಯದೆ ಹೆಂಗಸರದೇ ಒಂದು ಪಕ್ಷವನ್ನು ಕಟ್ಟಿ ಆರಾಧನೆ ನಡೆಸಿದರು. 1940ರ ಸುಮಾರಿಗೆ ಪಕ್ಷಗಳೆಲ್ಲ ಒಂದಾದುವು; ಎಲ್ಲರೂ ಕೂಡಿ ಪಂಚರತ್ನಗಳನ್ನು ಹಾಡುವ ಕ್ರಮವೂ ಆ ಕಾಲದಲ್ಲಿಯೇ ಬೇರೂರಿತು. 1952ರಲ್ಲಿ ತೀರಿಕೊಂಡ ಆಕೆಯ ಸಮಾಧಿಯೂ ಇಲ್ಲಿಯೇ ಇದೆ.

ಈ ಕಥೆಯನ್ನು ನಾವು ಪ್ರತಿಮೆಯ ಮುಂದೆ ನಿಂತು ಹೇಳಿದೆವು. ದೊಡ್ಡಮ್ಮನವರು ಏನೂ ಮಾತನಾಡಲಿಲ್ಲ. ಸೆರಗನ್ನು ಹೊದ್ದು ಕೈಮುಗಿದರು.

ಪಂಚಮಿಯ ಬೆಳಿಗ್ಗೆ ಚಪ್ಪರದಲ್ಲಿ ಕಾಲಿಡಲು ಸ್ಥಳವಿರಲಿಲ್ಲ. ತಮಿಳು ಮಾತನಾಡುವ ಒಬ್ಬ ಹೆಂಗಸು ಚಾಪೆಯಲ್ಲಿ ಸರಿದು ನಮಗೆ ಎಡೆ ಮಾಡಿಕೊಟ್ಟರು. ನಾಟ ರಾಗದ ಮೊದಲ ಸ್ವರವೆದ್ದಿತು. ಗಂಡಸರಿಗೂ ಹೆಂಗಸರಿಗೂ ಒಂದೇ ಶ್ರುತಿಯಾದುದರಿಂದ ಒಬ್ಬರಿಗೆ ಮೇಲೆ, ಮತ್ತೊಬ್ಬರಿಗೆ ಕೆಳಗೆ ಕಷ್ಟ. ಆದರೆ ಒಬ್ಬರ ಕಂಠ ಸೋತೆಡೆಯಲ್ಲಿ ಪಕ್ಕದವರ ಕಂಠ ಎತ್ತಿ ನಡೆಸುತ್ತದೆ. ಗೌಳ ಮುಗಿದು ಆರಭಿ ಬಂದಿತು. ಆಗ ನಮ್ಮ ಕಿವಿಯ ಬಳಿಯಲ್ಲಿಯೇ, ಸಣ್ಣದಾದರೂ ಶ್ರುತಿ ಬಿಡದ ಒಂದು ಧ್ವನಿ ಕೇಳಿಸಿತು. ತಿರುಗಿ ನೋಡಿದರೆ ನಿಂತುಹೋದೀತೆಂದು ನಾವಾರೂ ತಿರುಗಲಿಲ್ಲ. ವರಾಳಿಯಲ್ಲಿ ಅದು ಬಲಿಯಿತು; ಶ್ರೀರಾಗದಲ್ಲಿ ಉಳಿದ ಕಂಠಗಳೊಡನೆ ಬೆರೆತು, ಯಾರದೆಂದು ಗುರುತಿಸಲಾರದಂತಾಯಿತು. ಎರಡು ವರ್ಷಗಳ ನಮ್ಮ ಪಾಠವನ್ನೆಲ್ಲ ಅವರು ಅಡಿಗೆಮನೆಯಲ್ಲಿಯೇ ಕುಳಿತು ಕಲಿತುಕೊಂಡಿದ್ದರು!

ಮಧ್ಯಾಹ್ನ ನದಿಯ ಸೋಪಾನದಲ್ಲಿ ಕುಳಿತಾಗ ದೊಡ್ಡಮ್ಮನವರು, "ನಂಜನಗೂಡಿನ ಹೊಳೆಯ ನೀರು ಇಲ್ಲಿಗೂ ಬರುತ್ತದೆಯೇನಮ್ಮ?" ಎಂದು ಕೇಳಿದರು. ಕಪಿಲೆಯು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದಷ್ಟೆ, ಬರುತ್ತದೆಂದೆವು. ಅವರು ಒಂದು ಬೊಗಸೆ ನೀರನ್ನು ಕಣ್ಣಿಗೊತ್ತಿಕೊಂಡರು.

ಮನೆಯೊಳಗೇ ಹಾಡಿಕೊಳ್ಳುವ ಸೋದರಿಯರು ಒಮ್ಮೆಯಾದರೂ ಈ ಪಂಚಮಿಗೆ ಹೋಗಿಬರಬೇಕು. ಅಲ್ಲಿ ಕಚೇರಿ ಮಾಡುವ ಪಾಂಡಿತ್ಯವನ್ನು ಯಾರೂ ಕೇಳುವುದಿಲ್ಲ. ಐದು ಕೃತಿಗಳನ್ನು ಕಲಿತು, ಚಾಪೆಯ ಮೇಲೆ ಸರಿದು ಕುಳಿತುಕೊಂಡರೆ ಸಾಕು.