ಮೂರ್ನಾಡಿನಿಂದ ಜೈಲಿಗೆ ಎಷ್ಟು ದೂರ?

ಮಡಿಕೇರಿಯಿಂದ ವಿರಾಜಪೇಟೆಗೆ ಬಸ್ಸಿನಲ್ಲಿ ಹೋದವರಿಗೆ ಮೂರ್ನಾಡು ಗೊತ್ತೇ ಇರುತ್ತದೆ. ಮೇಕೇರಿ, ಹಾಕತ್ತೂರು ದಾಟಿದ ಮೇಲೆ ಸಿಗುವ ಪುಟ್ಟ ಪೇಟೆ. ನಾಪೋಕ್ಲು ಕಡೆಯವರು ಇಲ್ಲಿ ಇಳಿದು ಬಸ್ಸು ಬದಲಾಯಿಸುತ್ತಾರೆ. ಸುತ್ತಲೂ ಕಾಫಿ ತೋಟ, ಮರಕ್ಕೆ ಹಬ್ಬಿದ ಕರಿಮೆಣಸು, ತಗ್ಗಿನಲ್ಲಿ ಗದ್ದೆ. ಇನ್ನೂ ಸ್ವಲ್ಪ ಮುಂದೆ ಹೋದರೆ ಬೇತ್ರಿಯಲ್ಲಿ ಕಾವೇರಿ. ಇಷ್ಟು ಚೆಂದದ ಊರಿನ ವಿಷಯ ಬರೆಯಹೊರಟು ಜೈಲಿನ ಮಾತೇಕೆ ಅಂತೀರಾ? ಕಾರಣವಿದೆ, ಕೇಳಿ.

ಇಂಥ ಊರಿನಲ್ಲಿ ತೋಟದ ಗಡಿಯ ಜಗಳವೊಂದು ಕೈಕೈ ಮಿಲಾಯಿಸುವವರೆಗೂ ಹೋಯಿತು ಅಂದುಕೊಳ್ಳಿ. ಪೊಲೀಸರು ಒಬ್ಬ ಹುಡುಗನನ್ನು ಕರೆದೊಯ್ದರು. ಮರುದಿನ ಹಾಲಿನ ಅಂಗಡಿಯ ಮುಂದೆ ಮಾತು ಹೊರಡುತ್ತದೆ: "ಅವನು ಜೈಲಿಗೆ ಹೋದನಂತೆ!" ಅಷ್ಟೇ. ಠಾಣೆಯ ಲಾಕಪ್ಪೋ, ವಿಚಾರಣೆಗೆ ಕಾಯುವ ಜೈಲೋ, ಶಿಕ್ಷೆ ಅನುಭವಿಸುವ ಸೆರೆಮನೆಯೋ ಅಂತ ಯಾರೂ ಕೇಳುವುದಿಲ್ಲ. ನಮ್ಮ ಬಾಯಲ್ಲಿ ಎಲ್ಲದಕ್ಕೂ ಒಂದೇ ಮಾತು, 'ಒಳಗೆ ಹೋದ'. ಆದರೆ ಆ ಹುಡುಗನ ತಾಯಿಗೆ ಈ ಮೂರಕ್ಕೂ ಅಜಗಜಾಂತರ. ಅವಳು ಹತ್ತಬೇಕಾದ ಬಸ್ಸೇ ಬೇರೆ.

ಅಮೆರಿಕದಲ್ಲಿ ನಿಮ್ಮ ನೆಂಟರಿದ್ದರೆ ಕೇಳಿ ನೋಡಿ. ಅಲ್ಲಿ ಜೈಲ್ ಬೇರೆ, ಪ್ರಿಸನ್ ಬೇರೆ. ವಿಚಾರಣೆಗೆ ಕಾಯುವವರು ಮತ್ತು ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಯವರು ಜೈಲಿನಲ್ಲಿ. ಅದನ್ನು ನಡೆಸುವುದು ಹೆಚ್ಚಾಗಿ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು. ದೊಡ್ಡ ಶಿಕ್ಷೆಯವರು ಪ್ರಿಸನ್ನಿಗೆ. ನಮ್ಮಲ್ಲಿ ಕಾನೂನು ಎರಡನ್ನೂ 'ಕಾರಾಗೃಹ' ಎಂದೇ ಕರೆಯುತ್ತದೆ. ತಾಲ್ಲೂಕಿನ ಉಪ ಕಾರಾಗೃಹ, ಜಿಲ್ಲಾ ಕಾರಾಗೃಹ, ಕೇಂದ್ರ ಕಾರಾಗೃಹ ಎಂದು ಮೆಟ್ಟಿಲು ಮೆಟ್ಟಿಲಾಗಿವೆ. ಹೆಸರು ಒಂದೇ ಆದರೂ ಒಳಗಿರುವವರಲ್ಲಿ ಎರಡು ಪಂಗಡ: ತೀರ್ಪಿಗೆ ಕಾಯುತ್ತಿರುವವರು, ತೀರ್ಪು ಆದವರು. ಪೊಲೀಸು ಠಾಣೆಯ ಲಾಕಪ್ಪು ಈ ಲೆಕ್ಕಕ್ಕೇ ಬರುವುದಿಲ್ಲ. ಹಿಡಿದವರನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಇದು ಸಂವಿಧಾನದ 22ನೇ ವಿಧಿಯ ಮಾತು.

ಬನ್ನಿ, ಮೂರ್ನಾಡಿನಲ್ಲಿ ಬಸ್ಸು ಹತ್ತೋಣ. ಮಡಿಕೇರಿಗೆ ಸುಮಾರು 15 ಕಿಲೋಮೀಟರು. ಬಸ್ಸಿಳಿದು ಪೇಟೆ ನಡುವಿನ ಕೋಟೆಗೆ ಹೋದರೆ ಗಾರೆಯ ಎರಡು ದೊಡ್ಡ ಆನೆಗಳು ಎದುರಾಗುತ್ತವೆ. ಮಕ್ಕಳಿದ್ದರೆ ಅಲ್ಲಿಂದ ಕದಲುವುದಿಲ್ಲ. 1812ರ ಸುಮಾರಿಗೆ ಲಿಂಗರಾಜೇಂದ್ರ ಹೊಸದಾಗಿ ಕಟ್ಟಿಸಿದ ಅರಮನೆ ಇದೆ, ಹಳೆಯ ಇಗರ್ಜಿಯಲ್ಲಿ ವಸ್ತು ಸಂಗ್ರಹಾಲಯವಿದೆ. ಇದೇ ಕೋಟೆಯ ಪೂರ್ವದ ಬಾಗಿಲಲ್ಲಿ ಜಿಲ್ಲಾ ಬಂದೀಖಾನೆ ಬಹುಕಾಲ ಇತ್ತು. 1837ರ ಅಕ್ಟೋಬರ್ 31ರಂದು ಬ್ರಿಟಿಷರ ವಿರುದ್ಧ ದಂಗೆಯೆದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೇರಿಸಿದ್ದೂ ಈ ಕೋಟೆಯಲ್ಲೇ. ಆ ಕಾಲದಲ್ಲಿ ಹಿಡಿಯುವುದಕ್ಕೂ ಶಿಕ್ಷೆಗೂ ನಡುವೆ ಹೆಚ್ಚು ದಿನ ಇರುತ್ತಿರಲಿಲ್ಲ. ಈಗ ಆ ನಡುವಿನ ಕಾಲವೇ ಮನೆಯವರನ್ನು ಹಣ್ಣು ಮಾಡುವುದು.

ಮಡಿಕೇರಿಯಂಥ ಜಿಲ್ಲಾ ಜೈಲಿಗೆ ಬರುವವರು ಹೆಚ್ಚಾಗಿ ಕಾಯುವವರೇ. ಕೇಸು ನಡೆಯುವುದು ಇದೇ ಊರಿನ ಕೋರ್ಟಿನಲ್ಲಿ, ಆದ್ದರಿಂದ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ಇಡೀ ದೇಶದ ಲೆಕ್ಕ ನೋಡಿ: 2022ರ ಕೊನೆಗೆ ನಮ್ಮ ಕಾರಾಗೃಹಗಳಲ್ಲಿ 5,73,220 ಜನರಿದ್ದರು, ಅವರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ತಪ್ಪು ಇನ್ನೂ ಸಾಬೀತೇ ಆಗಿರಲಿಲ್ಲ. ಹಾಲಿನಂಗಡಿಯ ಮುಂದೆ ಮಾತ್ರ ಎಲ್ಲರ ತೀರ್ಪೂ ಆಗಿಹೋಗಿರುತ್ತದೆ!

ಕಾಯುವವನು ತನ್ನ ಬಟ್ಟೆಯನ್ನೇ ಉಡಬಹುದು, ಕಡ್ಡಾಯದ ದುಡಿಮೆ ಇಲ್ಲ. ನಿಯಮಕ್ಕೆ ಒಳಪಟ್ಟು ಹೊರಗಿನ ಊಟ, ಹಾಸಿಗೆ ತರಿಸಿಕೊಳ್ಳಲು 1963ರ ಕರ್ನಾಟಕ ಕಾರಾಗೃಹ ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಕೊಲೆಯಂಥ ಆರೋಪವಿದ್ದರೆ ನಿರ್ಬಂಧ ಹೆಚ್ಚು. ಹಾಗಾಗಿ ಬೆಳಗ್ಗೆ ಎದ್ದು ಕಡುಬು ಬೇಯಿಸಿ ಡಬ್ಬಿ ಕಟ್ಟುವ ಮೊದಲು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಬಾಗಿಲಿಂದ ವಾಪಸು ತರುವ ಡಬ್ಬಿಗಿಂತ ಭಾರವಾದದ್ದು ಬೇರೆ ಇಲ್ಲ.

ಇನ್ನು ಜಾಮೀನಿನ ವಿಷಯ. ನನಗೆ ಅತಿ ಬೇಸರ ತರುವುದು ಇದೇ. ಒಂದೇ ಜಗಳದಲ್ಲಿ ಇಬ್ಬರನ್ನು ಹಿಡಿದರು ಅನ್ನಿ, ಒಬ್ಬ ತೋಟದ ಮನೆಯವನು, ಇನ್ನೊಬ್ಬ ಲೈನುಮನೆಯವನು. ಇಬ್ಬರಿಗೂ ಜಾಮೀನು ಸಿಕ್ಕಿತು. ಮೊದಲನೆಯವನ ಚಿಕ್ಕಪ್ಪ ಪಹಣಿ ಹಿಡಿದುಕೊಂಡು ಬಂದ, ಹುಡುಗ ಸಂಜೆಯ ಬಸ್ಸಿಗೆ ಮನೆ ಸೇರಿದ. ಲೈನುಮನೆಯವನಿಗೆ ಪಹಣಿ ಎಲ್ಲಿಂದ ಬರಬೇಕು? ಆದೇಶ ಕೈಯಲ್ಲಿದ್ದೂ ಅವನು ಒಳಗೇ. ಆಗ ಅವನ ಹೆಂಡತಿ ಕರಿಮಣಿ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲಾ ಅಡವಿಡಲು ಓಡುತ್ತಾಳೆ. ಅವಳಿಗೆ ಯಾರಾದರೂ ಹೇಳಬೇಕು ನೋಡಿ: ಜಾಮೀನು ಹಕ್ಕಾಗಿ ಸಿಗುವಂಥ ಸಣ್ಣ ಆರೋಪವಾದರೆ, ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರರನ್ನು ತರಲಾಗದವನನ್ನು ಬಡವನೆಂದೇ ಎಣಿಸಿ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಬೇಕೆಂದು ಕಾನೂನಿದೆ.

ಪೊಲೀಸರು 60 ದಿನ, ದೊಡ್ಡ ಆರೋಪವಾದರೆ 90 ದಿನದೊಳಗೆ ದೋಷಾರೋಪ ಪಟ್ಟಿ ಹಾಕದಿದ್ದರೆ ಜಾಮೀನು ಕೇಳುವ ಹಕ್ಕು ತಾನಾಗಿ ಬರುತ್ತದೆ (ಕೆಲವು ವಿಶೇಷ ಕಾಯಿದೆಗಳಲ್ಲಿ ಗಡುವು ಇನ್ನೂ ಉದ್ದ). 2024ರ ಜುಲೈ 1ರಿಂದ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇನ್ನೊಂದು ಅನುಕೂಲವಿದೆ. ಮರಣದಂಡನೆ, ಜೀವಾವಧಿಯ ಆರೋಪವಲ್ಲದೆ, ಬೇರೆ ಕೇಸುಗಳೂ ಇಲ್ಲದೆ, ಮೊದಲ ಬಾರಿಗೆ ಸಿಕ್ಕಿಬಿದ್ದವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗದಷ್ಟು ಕಾಲ ಒಳಗಿದ್ದರೆ ಅವನನ್ನು ಬಿಡಬೇಕು. ಕೋರ್ಟಿಗೆ ಅರ್ಜಿ ಹಾಕಬೇಕಾದದ್ದು ಜೈಲಿನ ಸೂಪರಿಂಟೆಂಡೆಂಟರೇ. ಆದರೂ ದಿನ ಎಣಿಸುವ ಕೆಲಸ ಮನೆಯವರಿಗೇ ಇರಲಿ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿಡಿ.

ತೀರ್ಪು ಬಂದು ದೊಡ್ಡ ಶಿಕ್ಷೆಯಾಯಿತೆಂದರೆ ದಾರಿ ಬದಲಾಗುತ್ತದೆ. ಕೊಡಗಿನವರಿಗೆ ಹತ್ತಿರದ ಕೇಂದ್ರ ಕಾರಾಗೃಹ ಮೈಸೂರಿನದು. ಮೂರ್ನಾಡಿನಿಂದ ಮಡಿಕೇರಿ, ಕುಶಾಲನಗರದ ಮೇಲೆ ಹೋಗಬಹುದು, ಇಲ್ಲವೇ ವಿರಾಜಪೇಟೆ, ಗೋಣಿಕೊಪ್ಪಲು, ಹುಣಸೂರಿನ ಮೇಲೆ. ಹೇಗೆ ಹೋದರೂ ನೂರು ಕಿಲೋಮೀಟರು ಮೀರುತ್ತದೆ. ಬೆಳಗಿನ ಮಂಜಿನಲ್ಲಿ ಹೊರಟರೆ ಮನೆ ಸೇರುವಾಗ ದೀಪ ಹತ್ತಿರುತ್ತದೆ, ಒಂದು ದಿನದ ಕೂಲಿಯೂ ಹೋಗಿರುತ್ತದೆ. ಅಲ್ಲಿ ಶಿಕ್ಷೆಯಾದವನಿಗೆ ಜೈಲಿನ ಬಟ್ಟೆ, ಕಠಿಣ ಶಿಕ್ಷೆಯಾದರೆ ದುಡಿಮೆ, ದುಡಿದದ್ದಕ್ಕೆ ಕೂಲಿ. ನಡತೆ ಚೆನ್ನಾಗಿದ್ದರೆ ಶಿಕ್ಷೆಯಲ್ಲಿ ಮಾಫಿ, ಅರ್ಜಿ ಹಾಕಿದರೆ ಪೆರೋಲು. ವಿಚಿತ್ರ ನೋಡಿ, ಕಾಯುವವನಿಗೆ ಮಾಫಿಯೂ ಇಲ್ಲ, ಇಂಥ ಪೆರೋಲೂ ಇಲ್ಲ. ತನ್ನ ದಿನ ಮುಗಿಯುವುದು ಎಂದೆಂದೂ ಅವನಿಗೆ ಗೊತ್ತಿಲ್ಲ. ಶಿಕ್ಷೆಯಾದವನಿಗೆ ಅಷ್ಟಾದರೂ ಗೊತ್ತು. ರಂಗಾಯಣದ ಕಲಾವಿದ ಹುಲುಗಪ್ಪ ಕಟ್ಟೀಮನಿಯವರು ಮೈಸೂರಿನ ಕೈದಿಗಳಿಂದ ನಾಟಕ ಆಡಿಸಿದ್ದನ್ನು ನೀವು ಕೇಳಿರಬಹುದು. ಮಾತು ಬಾಯಿಪಾಠ ಮಾಡಿಸಿ, ತಿಂಗಳುಗಟ್ಟಲೆ ತಾಲೀಮು ನಡೆಸಬೇಕಾದರೆ ನಾಳೆಯೂ ಇಲ್ಲೇ ಇರುತ್ತೇನೆಂದು ತಿಳಿದವರು ಬೇಕಲ್ಲ!

ತೀರ್ಪೇ ಇಲ್ಲದೆ ಕಾದವರ ಮಾತು ಬಂದಾಗ ಸ್ನೇಹಲತಾ ರೆಡ್ಡಿಯವರನ್ನು ಮರೆಯುವುದು ಹೇಗೆ? 1970ರ 'ಸಂಸ್ಕಾರ' ಚಿತ್ರದ ಚಂದ್ರಿ ಅವರೇ. ತುರ್ತುಪರಿಸ್ಥಿತಿಯಲ್ಲಿ, 1976ರ ಮೇ ತಿಂಗಳಲ್ಲಿ ಹಿಡಿದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿಟ್ಟರು. ಉಬ್ಬಸದ ರೋಗಿ. ಎಂಟು ತಿಂಗಳಾದರೂ ಯಾವ ಶಿಕ್ಷೆಯೂ ಆಗಲಿಲ್ಲ. 1977ರ ಜನವರಿ 15ರಂದು ಬಿಟ್ಟರು, 20ರಂದು ತೀರಿಕೊಂಡರು. ಆ ಜೈಲು ಈಗ ಫ್ರೀಡಂ ಪಾರ್ಕು. ಬೆಂಗಳೂರಿಗೆ ಹೋದಾಗ ಲಾಲ್‌ಬಾಗಿನ ಜೊತೆ ಅದನ್ನೂ ನೋಡಿಬನ್ನಿ.

ಹೆಣ್ಣುಮಕ್ಕಳಿಗೇ ಬೇಕಾದ ಒಂದೆರಡು ಮಾತು ಉಳಿದಿದೆ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಂಗಸನ್ನು ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬರಬೇಕು. ತಾಯಿ ಒಳಗಿದ್ದರೆ ಆರು ವರ್ಷದವರೆಗಿನ ಮಗು ಅವಳ ಜೊತೆ ಇರಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಬಳೆ ಬಿಚ್ಚಬೇಡಿ: 1987ರ ಕಾನೂನು ಸೇವೆಗಳ ಕಾಯಿದೆಯಂತೆ ಯಾವ ಹೆಂಗಸಿಗೇ ಆಗಲಿ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ನೋಡದೆ ಉಚಿತ ವಕೀಲರು ಸಿಗುತ್ತಾರೆ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ದೂರವಾಣಿ 15100. ಹೋಗುವಾಗ ಕೇಸಿನ ನಂಬರು, ಹಿಡಿದ ತಾರೀಖು, ಮುಂದಿನ ಹಾಜರಿಯ ತಾರೀಖು, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ. ಮಳೆಗಾಲವಾದರೆ ಚೀಟಿಗೊಂದು ಪ್ಲಾಸ್ಟಿಕ್ ಚೀಲವೂ ಬೇಕು.